ಮೊಲದ ಮರಿಯ ಮೊದಲ ಎಂಟು ವಾರಗಳು

ಕನ್ನಡದಲ್ಲಿ ಮೊಲವೆಂಬುದು ಒಂದೇ ಮಾತು. ನೆರೆಯ ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ಮುಯಲ್ ಎಂಬ ಒಂದೇ ಹೆಸರು. ತೆಲುಗರಿಗೆ ಕುಂದೇಲು, ಮರಾಠಿಗರಿಗೆ ಸಸಾ. ಆದರೆ ಈ ಒಂದು ಹೆಸರಿನಡಿಯಲ್ಲಿ ಎರಡು ಭಿನ್ನ ಪ್ರಾಣಿಗಳು ಅಡಗಿವೆ. ನಮ್ಮ ಗುಡ್ಡಗಳ ಮುಳಿಹುಲ್ಲಿನ ನಡುವಿನಿಂದ ಚಂಗನೆ ನೆಗೆದು ಮರೆಯಾಗುವ ಕಂದುಬಣ್ಣದ ಕಾಡುಮೊಲ ಒಂದು; ಪಂಜರದಲ್ಲಿ ಕುಳಿತು ಸದಾ ಮೂಗನ್ನು ಅಲುಗಿಸುತ್ತಿರುವ ಸಾಕುಮೊಲ ಇನ್ನೊಂದು. ಇವೆರಡೂ ದೂರದ ದಾಯಾದಿಗಳೇ ಹೊರತು ಒಂದೇ ಮನೆಯವರಲ್ಲ. ಮರಿಯನ್ನು ಸಾಕಹೊರಟವರು ಮೊದಲು ಅರಿಯಬೇಕಾದುದು ಈ ಭೇದವನ್ನು.

ಕಾಡುಮೊಲ ಬಿಲ ತೋಡುವುದಿಲ್ಲ. ಬಯಲಿನಲ್ಲಿ, ಹುಲ್ಲಿನ ಮರೆಯಲ್ಲಿ ಮರಿ ಹಾಕುತ್ತದೆ. ಹುಟ್ಟುವಾಗಲೇ ಆ ಮರಿಗೆ ಮೈತುಂಬ ಕೂದಲಿರುತ್ತದೆ, ಕಣ್ಣು ತೆರೆದಿರುತ್ತದೆ. ತಾಯಿ ಅದನ್ನು ಒಂಟಿಯಾಗಿ ಬಿಟ್ಟು ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುತ್ತದೆ. ಹುಲ್ಲು ಕೊಯ್ಯುವವರ ಕಣ್ಣಿಗೆ ಬಿದ್ದ ಇಂಥ ಮರಿಯನ್ನು ಅನಾಥವೆಂದು ಭಾವಿಸಿ ಮಕ್ಕಳು ಅಂಗಿಯೊಳಗೆ ಅಡಗಿಸಿ ತರುವುದುಂಟು. ಅದು ಅನಾಥವಲ್ಲ, ತಂದ ಬಳಿಕವೇ ಅದು ಅನಾಥವಾಗುವುದು. ಕೂಡಲೇ ಅದನ್ನು ತಂದ ಜಾಗದಲ್ಲಿಯೇ ಬಿಟ್ಟು ಬರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದಾಗಲಿ ಸಾಕುವುದಾಗಲಿ ಅಪರಾಧವೂ ಹೌದು.

ಸಾಕುಮೊಲದ ಮೂಲವಾದರೋ ಸ್ಪೇನ್ ದೇಶದ ಕಡೆಯ ಬಿಲವಾಸಿ ಮೊಲ. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಕೆಂಪುಗಣ್ಣಿನ ನ್ಯೂಜಿಲೆಂಡ್ ವೈಟ್, ಬೂದುಬಣ್ಣದ ಸೋವಿಯತ್ ಚಿಂಚಿಲ, ಗ್ರೇ ಜಯಂಟ್ ಮುಂತಾದ ತಳಿಗಳೆಲ್ಲವೂ ಅದೇ ವಂಶದವು. ಇವುಗಳ ಮರಿಗಳು ಹುಟ್ಟುವಾಗ ಕುರುಡು, ಕಿವುಡು; ಮೈಮೇಲೆ ಒಂದು ಕೂದಲೂ ಇಲ್ಲ. ಹೆಬ್ಬೆರಳಿನಷ್ಟು ಗಾತ್ರದ, ಸುಮಾರು 50 ಗ್ರಾಂ ತೂಗುವ ನಸುಗೆಂಪಿನ ಮಾಂಸದ ಮುದ್ದೆ, ಅಷ್ಟೆ. ನಾನು ಇಲ್ಲಿ ಬರೆಯುತ್ತಿರುವುದು ಈ ಮರಿಯನ್ನು ಕುರಿತು.

ಬರೆಯಲು ಕಾರಣವಿದೆ. ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿರುವವನಿಗೆ ಮಕ್ಕಳ ಮನೆಯ ಸುದ್ದಿಯೆಲ್ಲವೂ ಬಯಸದಿದ್ದರೂ ಬಂದು ಸೇರುತ್ತದೆ. ಪ್ರತಿ ವರ್ಷವೂ ಜಾತ್ರೆಯ ದಿನಗಳಲ್ಲಿ ನಾಲ್ಕಾರು ಮನೆಗಳಿಗೆ ಮೊಲದ ಮರಿಗಳು ಬರುತ್ತವೆ. ಹದಿನೈದು ದಿನ ಕಳೆಯುವುದರೊಳಗೆ ಅವುಗಳಲ್ಲಿ ಹೆಚ್ಚಿನವು ತೋಟದ ಮೂಲೆಯ ಮಣ್ಣು ಸೇರುತ್ತವೆ. ಕಳೆದ ವರ್ಷ ಐದನೆಯ ತರಗತಿಯ ಹುಡುಗಿಯೊಬ್ಬಳು ಎರಡು ದಿನ ಶಾಲೆಗೆ ಬರಲಿಲ್ಲ. ಜ್ವರವೆಂದು ತಿಳಿದಿದ್ದೆ. ಮೂರನೆಯ ದಿನ ಬಂದವಳು ಬಿಡುವಿನ ವೇಳೆಯಲ್ಲಿ ನನ್ನ ಮೇಜಿನ ಬಳಿ ನಿಂತು, “ಮಾಷ್ಟ್ರೇ, ನಾನು ಹಾಲು ಕೊಟ್ಟದ್ದರಿಂದಲೇ ಅದು ಸತ್ತದ್ದಾ?” ಎಂದು ಕೇಳಿದಳು. ಅಪ್ಪ ಪೇಟೆಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟ ಮರಿ. ಬಂದ ನಾಲ್ಕನೆಯ ದಿನ ಭೇದಿ, ಐದನೆಯ ದಿನ ಮರಣ. ಹತ್ತು ವರ್ಷದ ಮಗು ತನ್ನ ವಾತ್ಸಲ್ಯವೇ ಕೊಲೆಯಾಯಿತೆಂದು ನಂಬಿ ಎರಡು ದಿನ ಉಣ್ಣದೆ ಕುಳಿತಿತ್ತು. ಆ ಮಗುವಿಗೆ ಹೇಳಿದುದನ್ನೇ ಹಿರಿಯರಿಗೂ ಹೇಳಬೇಕೆನಿಸಿತು. ಮರಿಯನ್ನು ಕೊಂದದ್ದು ಅವಳಲ್ಲ. ತಾಯಿಯನ್ನು ಬಿಟ್ಟಿರಲಾರದ ವಯಸ್ಸಿನಲ್ಲಿ ಅದನ್ನು ಮಾರಿದ ಅವಸರ.

ಗೂಡಿನ ದಿನಗಳು

ಮೊಲದ ಗರ್ಭಾವಧಿ ಸರಾಸರಿ 31 ದಿನಗಳು. ದಿನ ತುಂಬುತ್ತ ಬಂದಂತೆ ಹೆಣ್ಣುಮೊಲ ಬಾಯಿಯಲ್ಲಿ ಹುಲ್ಲು ಕಚ್ಚಿಕೊಂಡು ಅತ್ತಿತ್ತ ಓಡಾಡುತ್ತದೆ. ತನ್ನ ಹೊಟ್ಟೆಯ ಭಾಗದ ನವುರಾದ ತುಪ್ಪಳವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಇದಕ್ಕೆ ಅನುಕೂಲವಾಗಿ ಮರಿ ಹಾಕುವ ಮೂರು ನಾಲ್ಕು ದಿನ ಮೊದಲೇ ಸುಮಾರು ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮರದ ಪೆಟ್ಟಿಗೆಯನ್ನು ಪಂಜರದೊಳಗಿಡಬೇಕು. ಒಂದು ಬದಿಯ ಹಲಗೆ ಅರ್ಧ ಅಡಿಯಷ್ಟೇ ಇರಲಿ, ತಾಯಿ ನೆಗೆದು ಒಳಗೆ ಹೋಗಿಬರಲು. ತಳದಲ್ಲಿ ಒಣಗಿದ ಬೈಹುಲ್ಲನ್ನು ಮೆತ್ತಗೆ ಉಜ್ಜಿ ಹಾಸಿದರೆ ಮಿಕ್ಕ ಕೆಲಸ ಅವಳದು. ಬಟ್ಟೆಯ ಚಿಂದಿ, ನೂಲಿನ ಉಂಡೆ ಬೇಡ. ಮರಿಯ ಕಾಲಿಗೂ ಕುತ್ತಿಗೆಗೂ ಸುತ್ತಿಕೊಳ್ಳುತ್ತದೆ.

ಇನ್ನು ಹಾಲೂಡಿಸುವ ವಿಷಯ. ಸಾಕುವವರು ಅತಿ ಹೆಚ್ಚು ಗಾಬರಿಗೊಳ್ಳುವುದು ಇಲ್ಲಿಯೇ. ನಮ್ಮೂರಿನ ಒಂದು ಮನೆಯ ಅಜ್ಜಿ ಒಂದು ಸಂಜೆ ಮೊಮ್ಮಗನನ್ನು ಕಳುಹಿಸಿ ನನ್ನನ್ನು ಬರಹೇಳಿದರು. ನಾನು ಅಂಗಳ ತಲಪುವ ಮೊದಲೇ ಅವರ ದೂರು ಆರಂಭವಾಯಿತು. “ಮಾಷ್ಟ್ರೇ, ಇದು ತಾಯಿಯಲ್ಲ, ರಾಕ್ಷಸಿ. ಬೆಳಗ್ಗಿನಿಂದ ನೋಡುತ್ತಾ ಇದ್ದೇನೆ, ಮರಿಗಳ ಹತ್ತಿರ ಸುಳಿಯಲೇ ಇಲ್ಲ. ಅವನ್ನು ತೆಗೆದು ಒಲೆಯ ಹತ್ತಿರ ಇಟ್ಟು ದನದ ಹಾಲು ಕುಡಿಸಲಾ?” ನಾನು ಗೂಡಿನ ತುಪ್ಪಳವನ್ನು ಮೆಲ್ಲನೆ ಸರಿಸಿ ಅವರಿಗೆ ಮರಿಗಳ ಹೊಟ್ಟೆಯನ್ನು ತೋರಿಸಿದೆ. ಆರು ಮರಿಗಳ ಹೊಟ್ಟೆಯೂ ಪುಟ್ಟ ಲಿಂಬೆಯಂತೆ ಗುಂಡಗಿತ್ತು. ತೆಳುವಾದ ಚರ್ಮದೊಳಗಿನಿಂದ ಹಾಲಿನ ಬಿಳುಪು ಕಾಣುತ್ತಿತ್ತು. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದು, “ಹಾಗಾದರೆ ಕದ್ದು ಕೊಡುತ್ತಾಳೆ” ಎಂದರು.

ಕದ್ದು ಕೊಡುವುದೆಂಬ ಮಾತು ನಿಜಕ್ಕೂ ಸರಿ. ತಾಯಿಮೊಲ ದಿನಕ್ಕೆ ಒಂದು ಸಲ, ಅಪರೂಪಕ್ಕೆ ಎರಡು ಸಲ ಮಾತ್ರ, ಅದೂ ಹೆಚ್ಚಾಗಿ ರಾತ್ರಿಯಲ್ಲಿ ಅಥವಾ ನಸುಕಿನಲ್ಲಿ, ಮೂರು ನಾಲ್ಕು ನಿಮಿಷಗಳಷ್ಟೇ ಹಾಲೂಡಿಸುತ್ತದೆ. ಬೆಕ್ಕು ನಾಯಿಗಳಂತೆ ಮರಿಗಳನ್ನು ಅಪ್ಪಿಕೊಂಡು ಮಲಗುವುದು ಅದರ ಕ್ರಮವಲ್ಲ. ಬಿಲದ ಬಾಯಿಯಲ್ಲಿ ಸುಳಿದಾಡಿದರೆ ನರಿ, ಹಾವುಗಳಿಗೆ ದಾರಿ ತೋರಿಸಿದಂತಾಗುವುದಲ್ಲವೇ? ದೂರವಿರುವುದೇ ಅದು ಮರಿಗಳಿಗೆ ಕೊಡುವ ರಕ್ಷಣೆ. ಕುರುಡು ಮರಿಗಳು ಆ ಮೂರು ನಿಮಿಷದಲ್ಲಿ ಮೊಲೆಯನ್ನು ಹುಡುಕಿಕೊಳ್ಳುವ ಬಗೆಯೂ ಸೋಜಿಗದ್ದು. ತಾಯಿಯ ಹಾಲಿನಲ್ಲಿರುವ ಒಂದು ವಿಶಿಷ್ಟ ವಾಸನೆಯ ವಸ್ತು ಅವುಗಳನ್ನು ಸೆಳೆಯುತ್ತದೆ. 2003ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಆ ವಸ್ತು ಯಾವುದೆಂಬುದನ್ನು ಗುರುತಿಸಿದರು.

ಆದುದರಿಂದ ತಾಯಿಯನ್ನು ಕಾಯುತ್ತ ಕೂರಬೇಡಿ. ಮರಿಯ ಹೊಟ್ಟೆಯನ್ನು ನೋಡಿ. ದಿನಕ್ಕೊಮ್ಮೆ ಬೆಳಗ್ಗೆ ಕೈ ತೊಳೆದುಕೊಂಡು ಗೂಡನ್ನು ಪರೀಕ್ಷಿಸಬೇಕು. ಗುಂಡು ಹೊಟ್ಟೆ, ಬೆಚ್ಚಗಿನ ಮೈ, ಮುಟ್ಟಿದಾಗ ಮೇಲಕ್ಕೆ ಚಿಮ್ಮುವ ಚುರುಕು ಇದ್ದರೆ ಎಲ್ಲವೂ ಸರಿಯಾಗಿದೆ. ಹೊಟ್ಟೆ ಒಳಗೆ ಸೆಳೆದು ಚರ್ಮ ಸುಕ್ಕುಗಟ್ಟಿದ್ದರೆ ಹಾಲು ಸಿಕ್ಕಿಲ್ಲವೆಂದು ತಿಳಿಯಬೇಕು. ಸತ್ತ ಮರಿಯಿದ್ದರೆ ಕೂಡಲೇ ತೆಗೆಯಬೇಕು. ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ತಿರಸ್ಕರಿಸುತ್ತದೆ ಎಂಬ ನಂಬಿಕೆ ಬಹಳ ಮನೆಗಳಲ್ಲಿದೆ. ಸಾಕಿದವರ ಕೈಯ ಪರಿಚಯವಿರುವ ಮೊಲ ಹಾಗೆ ಮಾಡುವುದಿಲ್ಲ. ಬೇಕಿದ್ದರೆ ಮೊದಲು ತಾಯಿಯ ಬೆನ್ನು ಸವರಿ, ಬಳಿಕ ಮರಿಗೆ ಕೈಹಾಕಿ. ಇನ್ನೊಂದು ಮಾತು: ಗೂಡಿನಿಂದ ಹೊರಗೆ ಬಿದ್ದ ಮರಿಯನ್ನು ಬೆಕ್ಕು ಕಚ್ಚಿ ಒಳಗೆ ತರುವಂತೆ ಮೊಲ ತರಲಾರದು. ಹಾಲು ಕುಡಿಯುತ್ತಿರುವ ಮರಿ ಮೊಲೆಯನ್ನು ಬಿಡದೆ ತಾಯಿಯೊಡನೆ ಹೊರಗೆ ಬಂದು ಬೀಳುವುದು ಅಪರೂಪವಲ್ಲ. ನಾವು ಎತ್ತಿ ಹಾಕದಿದ್ದರೆ ಅದು ತಣ್ಣಗಾಗಿ ಸಾಯುವುದು ಖಂಡಿತ.

ತಾಯಿಯಿಲ್ಲದ ಮರಿ

ತಾಯಿ ಸತ್ತುಹೋದರೆ ಅಥವಾ ಹಾಲೇ ಇಲ್ಲದಿದ್ದರೆ ಎಲ್ಲಕ್ಕಿಂತ ಉತ್ತಮವಾದ ಉಪಾಯ ಇನ್ನೊಂದು ತಾಯಿ. ಊರಿನಲ್ಲಿ ಮೊಲ ಸಾಕುವವರಲ್ಲಿ ವಿಚಾರಿಸಿ, ಎರಡು ಮೂರು ದಿನಗಳ ಅಂತರದಲ್ಲಿ ಮರಿ ಹಾಕಿದ ಮೊಲವೊಂದು ಸಿಕ್ಕಿದರೆ, ಅದರ ಗೂಡಿನ ತುಪ್ಪಳವನ್ನು ಅನಾಥ ಮರಿಗಳ ಮೈಗೆ ಸವರಿ ಅದರ ಮರಿಗಳ ನಡುವೆ ಸೇರಿಸಿಬಿಡಬೇಕು. ಎಣಿಕೆ ತಿಳಿಯದ ಆ ತಾಯಿ ಬಹುಮಟ್ಟಿಗೆ ಎಲ್ಲವಕ್ಕೂ ಹಾಲೂಡಿಸುತ್ತದೆ.

ಅದು ಸಾಧ್ಯವಾಗದಿದ್ದರೆ ಮಾತ್ರ ಕೈಯಿಂದ ಹಾಲು. ಇದು ಕಷ್ಟದ ಕೆಲಸ, ಎಷ್ಟು ಜಾಗ್ರತೆಯಿದ್ದರೂ ಕೆಲವು ಮರಿಗಳು ಉಳಿಯುವುದಿಲ್ಲ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರುವುದು ಒಳ್ಳೆಯದು. ಮೊಲದ ಹಾಲು ಅತ್ಯಂತ ಗಟ್ಟಿಯಾದುದು. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ 4, ಪ್ರೋಟೀನು ಮೂರು ಚಿಲ್ಲರೆ. ಮೊಲದ ಹಾಲಿನಲ್ಲಿ ಇವೆರಡೂ ನೂರಕ್ಕೆ 12ರಷ್ಟು. ಹಾಲಿನ ಸಕ್ಕರೆಯಾದರೋ ಇದಕ್ಕೆ ವಿರುದ್ಧ: ಹಸುವಿನ ಹಾಲಿನಲ್ಲಿ ಸುಮಾರು 5, ಮೊಲದ ಹಾಲಿನಲ್ಲಿ 2ಕ್ಕಿಂತಲೂ ಕಡಿಮೆ. ದನದ ಹಾಲು ಕುಡಿದ ಮರಿಯ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದು ಈ ಸಕ್ಕರೆಯಿಂದಲೇ. ಪೋಷಣೆಯೂ ಸಾಲದು, ಕರುಳೂ ಕೆಡುತ್ತದೆ. ಪೇಟೆಯ ಅಂಗಡಿಗಳಲ್ಲಿ ಬೆಕ್ಕಿನ ಮರಿಗಳಿಗಾಗಿ ಸಿಗುವ ಹಾಲಿನ ಪುಡಿ ಇದಕ್ಕಿಂತ ಮೇಲು. ಅದಿಲ್ಲದಿದ್ದಲ್ಲಿ ಆಡಿನ ಹಾಲು. ಆಡಿನ ಹಾಲೂ ಮೊಲದ ಹಾಲಿಗೆ ಸಮವಲ್ಲ, ಅನಿವಾರ್ಯಕ್ಕೆ ಒಂದು ಆಸರೆ ಮಾತ್ರ.

ಮರಿ ತಣ್ಣಗಿದ್ದರೆ ಮೊದಲು ಬೆಚ್ಚಗಾಗಿಸಿ, ಅನಂತರವೇ ಹಾಲು ಕೊಡಿ. ತಣ್ಣಗಿನ ಮೈಯಲ್ಲಿ ಹಾಲು ಜೀರ್ಣವಾಗುವುದಿಲ್ಲ. ಬಿಸಿನೀರು ತುಂಬಿದ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಯಲ್ಲಿಟ್ಟರೆ ಸಾಕು. ಸೆಕೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಸ್ಥಳವಿರಬೇಕು. ಹಾಲು ನಮ್ಮ ಮುಂಗೈಗೆ ಹನಿಸಿದರೆ ಉಗುರುಬೆಚ್ಚಗೆ ತೋರುವಷ್ಟಿರಲಿ. ಸೂಜಿಯಿಲ್ಲದ 1 ಮಿಲ್ಲಿಲೀಟರಿನ ಸಿರಿಂಜು ಅಥವಾ ಕಣ್ಣಿನ ಮದ್ದಿನ ಡ್ರಾಪರ್ ಉಪಯೋಗಿಸಿ. ಮೊದಲ ವಾರದಲ್ಲಿ ಒಂದು ಹೊತ್ತಿಗೆ ಎರಡರಿಂದ ಎರಡೂವರೆ ಮಿಲ್ಲಿಲೀಟರು, ದಿನಕ್ಕೆ ಎರಡೇ ಹೊತ್ತು. ಎರಡನೆಯ ವಾರದಲ್ಲಿ ಹೊತ್ತಿಗೆ 5ರಿಂದ 7. ಮೂರನೆಯ ವಾರದಲ್ಲಿ 7ರಿಂದ 13. ಆಮೇಲೆ 13ರಿಂದ 15ರ ತನಕ. ಸಣ್ಣ ತಳಿಗೆ ಇದಕ್ಕಿಂತಲೂ ಕಡಿಮೆ. ಅಳುವ ಮಗುವಿಗೆ ಗಂಟೆಗೊಮ್ಮೆ ಹಾಲು ಕೊಟ್ಟು ಅಭ್ಯಾಸವಿರುವ ತಾಯಂದಿರಿಗೆ ಈ ಲೆಕ್ಕ ಕ್ರೂರವೆನಿಸಬಹುದು. ಆದರೆ ಹಸಿವಿನಿಂದ ಸಾಯುವ ಮರಿಗಳಿಗಿಂತ ಅತಿಯಾಗಿ ಕುಡಿಸಿ ಸಾಯಿಸಿದ ಮರಿಗಳೇ ನಾನು ಕಂಡಂತೆ ಹೆಚ್ಚು.

ಕುಡಿಸುವಾಗ ಮರಿಯನ್ನು ಅಂಗಾತ ಮಲಗಿಸಕೂಡದು. ನೆಟ್ಟಗೆ, ತಲೆ ಸ್ವಲ್ಪ ಮುಂದಕ್ಕೆ ಬಾಗಿದಂತೆ ಹಿಡಿದು, ತುಟಿಯ ಬದಿಯಲ್ಲಿ ಒಂದೊಂದೇ ಹನಿ ಇಟ್ಟು ಅದು ನೆಕ್ಕುವುದನ್ನು ಕಾಯಬೇಕು. ಮೂಗಿನಿಂದ ಹಾಲು ಹೊರಬಂದರೆ ಅದು ಶ್ವಾಸಕೋಶಕ್ಕೂ ಇಳಿದಿರಬಹುದು. ಎರಡು ದಿನದೊಳಗೆ ನ್ಯುಮೋನಿಯ ಬರುತ್ತದೆ. ಕುಡಿದಾದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಮೆಲ್ಲನೆ ಸವರಿದರೆ ಮೂತ್ರ ಹೋಗುತ್ತದೆ. ಕಣ್ಣು ತೆರೆಯುವ ತನಕ ಇದನ್ನು ಮರೆಯಬಾರದು.

ಕಣ್ಣು ತೆರೆದ ಮೇಲೆ

ನಾಲ್ಕೈದು ದಿನಗಳಲ್ಲಿ ಮೈಮೇಲೆ ನವಿರು ಕೂದಲು ಕಾಣುತ್ತದೆ. ಹತ್ತರಿಂದ ಹನ್ನೆರಡನೆಯ ದಿನದೊಳಗೆ ಕಣ್ಣು ತೆರೆಯುತ್ತದೆ. ಮೂರನೆಯ ವಾರದಲ್ಲಿ ಗೂಡಿನಿಂದ ಹೊರಬಂದು ತಾಯಿ ತಿನ್ನುವುದನ್ನೆಲ್ಲ ಮೂಸಿ ನೋಡಿ ಒಂದೆರಡು ಎಸಳು ಕಡಿಯತೊಡಗುತ್ತದೆ. ಇದು ಜಗತ್ತಿನಲ್ಲಿಯೇ ಅತ್ಯಂತ ಮುದ್ದಾದ ವಯಸ್ಸು. ದುರದೃಷ್ಟವಶಾತ್ ಮಾರಾಟಗಾರರಿಗೂ ಇದು ತಿಳಿದಿದೆ.

ಈ ವಯಸ್ಸಿನ ಮರಿಯ ಹೊಟ್ಟೆಯೊಳಗೆ ನಡೆಯುವುದನ್ನು ತಿಳಿದರೆ ಅದನ್ನು ತಾಯಿಯಿಂದ ಅಗಲಿಸಲು ಯಾರಿಗೂ ಮನಸ್ಸು ಬಾರದು. ಬೆಳೆದ ಮೊಲದ ಜಠರದಲ್ಲಿ ತೀವ್ರವಾದ ಆಮ್ಲವಿದ್ದು, ಮೇವಿನೊಡನೆ ಬರುವ ಕೆಟ್ಟ ಜೀವಾಣುಗಳನ್ನು ಅದು ಅಲ್ಲಿಯೇ ಕೊಲ್ಲುತ್ತದೆ. ಹಾಲು ಕುಡಿಯುವ ಮರಿಯಲ್ಲಿ ಆ ಆಮ್ಲ ಇನ್ನೂ ದುರ್ಬಲ. ಅದಕ್ಕೆ ಬದಲಾಗಿ ತಾಯಿಯ ಹಾಲಿನಿಂದ ಹುಟ್ಟುವ ಕೆಲವು ಕೊಬ್ಬಿನ ಆಮ್ಲಗಳು ಮರಿಯ ಹೊಟ್ಟೆಯನ್ನು ಕಾಪಾಡುತ್ತವೆ. ಹಾಲು ನಿಂತ ದಿನ ಆ ಕಾವಲೂ ನಿಲ್ಲುತ್ತದೆ. ಸ್ವಂತ ಆಮ್ಲವಾದರೋ ಇನ್ನೂ ಬಲಗೊಂಡಿರುವುದಿಲ್ಲ. ಇದೇ ಸಮಯದಲ್ಲಿ ಸಣ್ಣ ಕರುಳು, ದೊಡ್ಡ ಕರುಳುಗಳ ಸಂಧಿಯಲ್ಲಿರುವ ಚೀಲದಂಥ ಕುರುಡುಕರುಳಿನಲ್ಲಿ ಹುಲ್ಲಿನ ನಾರನ್ನು ಹುಳಿಬರಿಸಿ ಜೀರ್ಣಿಸುವ ಒಳ್ಳೆಯ ಜೀವಾಣುಗಳು ನೆಲೆಯೂರಬೇಕು. ತಾಯಿ ಗೂಡಿನಲ್ಲಿ ಬಿಟ್ಟ ಹಿಕ್ಕೆಗಳನ್ನು ಮರಿ ತಿನ್ನುವುದರ ಉದ್ದೇಶ ಇದೇ. ನೋಡಲು ಹೇಸಿಗೆಯೆನಿಸಿದರೂ ಅದನ್ನು ತಡೆಯಬಾರದು. ಬೆಳೆದ ಮೊಲವೂ ದ್ರಾಕ್ಷಿ ಗೊನೆಯಂತೆ ಅಂಟಿಕೊಂಡ ಒಂದು ಬಗೆಯ ಮೆತ್ತಗಿನ ಹಿಕ್ಕೆಯನ್ನು ಗುದದಿಂದಲೇ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಅದು ಮಲವಲ್ಲ, ಕುರುಡುಕರುಳಿನಲ್ಲಿ ತಯಾರಾದ ಪ್ರೋಟೀನು ಮತ್ತು ಬಿ ಜೀವಸತ್ತ್ವಗಳ ತುತ್ತು. ದನ ಮೆಲುಕು ಹಾಕುವುದನ್ನು ಮೊಲ ಈ ರೀತಿಯಲ್ಲಿ ಮಾಡುತ್ತದೆಂದು ನಾನು ಮಕ್ಕಳಿಗೆ ಹೇಳುವುದುಂಟು.

ಹೀಗೆ ಒಂದು ಕಾವಲು ಹೋಗಿ ಇನ್ನೊಂದು ಕಾವಲು ಬರುವ ನಡುವಣ ಸಂಧಿಕಾಲದಲ್ಲಿ, ನಾಲ್ಕನೆಯ ವಾರದಲ್ಲಿ, ಮರಿಯನ್ನು ತಾಯಿಯಿಂದ ಕಿತ್ತು, ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸಿನ ಕುಲುಕಾಟಕ್ಕೊಡ್ಡಿ, ಹೊಸ ಮನೆಯಲ್ಲಿ ದನದ ಹಾಲು, ಕೋಸಿನ ಎಲೆ, ಬಿಸ್ಕತ್ತು ಕೊಟ್ಟರೆ ಅದು ಬದುಕುವುದಾದರೂ ಹೇಗೆ? ಮಾಂಸಕ್ಕಾಗಿ ಸಾಕುವ ಕೇಂದ್ರಗಳಲ್ಲಿ ನಾಲ್ಕರಿಂದ ಆರು ವಾರಕ್ಕೆ ಹಾಲು ಬಿಡಿಸುತ್ತಾರೆ, ನಿಜ. ಅಲ್ಲಿ ಮರಿಗೆ ಪಂಜರವೂ ಮೇವೂ ಬದಲಾಗುವುದಿಲ್ಲ; ನೋಡಿಕೊಳ್ಳುವವರು ತಿಳಿದವರು. ಮಕ್ಕಳ ಕೈಗೆ ಬರುವ ಮರಿಗೆ ಎಂಟು ವಾರ ತುಂಬಿರಲೇಬೇಕು.

ನಮ್ಮ ಕಡೆಯ ತಳಿಗಳಲ್ಲಿ ಎಂಟು ವಾರದ ಮರಿ ಒಂದು ಅಂಗೈಯಲ್ಲಿ ಹಿಡಿಸುವುದಿಲ್ಲ. “ಇದು ಸಣ್ಣ ಜಾತಿ, ಇಷ್ಟೇ ಬೆಳೆಯುವುದು” ಎನ್ನುವ ಮಾತಿಗೆ ಕಿವಿಗೊಡಬೇಡಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ಹುಟ್ಟಿದ್ದು ಬೇರೆ ಸಂದರ್ಭದಲ್ಲಿ, ಆದರೆ ಇಲ್ಲಿಗೂ ಒಪ್ಪುತ್ತದೆ. ಸಾಧ್ಯವಾದರೆ ಸಂತೆಯಲ್ಲಿ ಕೊಳ್ಳದೆ ಸಾಕುವವರ ಮನೆಗೇ ಹೋಗಿ, ತಾಯಿಯನ್ನೂ ಪಂಜರವನ್ನೂ ನೋಡಿ ತನ್ನಿ. ಮೂಗು ಒಣಗಿರಬೇಕು, ಕಣ್ಣು ಹೊಳೆಯುತ್ತಿರಬೇಕು, ಬಾಲದ ಕೆಳಗೆ ಒದ್ದೆಯಾಗಲಿ ಅಂಟಾಗಲಿ ಇರಕೂಡದು. ಬರುವಾಗ ಅದು ಅಲ್ಲಿ ತಿನ್ನುತ್ತಿದ್ದ ಮೇವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತರಬೇಕು. ಹೊಸ ಮನೆ, ಹೊಸ ವಾಸನೆ, ಹೊಸ ಮುಖಗಳು. ಹೊಟ್ಟೆಗಾದರೂ ಹಳೆಯದೇ ಇರಲಿ.

ಏನನ್ನು ತಿನ್ನಿಸಬೇಕು?

ಹುಲ್ಲು. ಈ ಒಂದು ಶಬ್ದದಲ್ಲಿ ಮುಕ್ಕಾಲು ಉತ್ತರವಿದೆ. ಮೊಲದ 28 ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಅದನ್ನು ತೇಯುವುದು ಹುಲ್ಲಿನ ಒರಟು ನಾರು. ಕರುಳನ್ನು ಚಲನೆಯಲ್ಲಿಡುವುದೂ ಆ ನಾರೇ. ಗರಿಕೆ, ಅಂಗಳದ ಬದಿಯ ಎಳೆಹುಲ್ಲು, ಬಿಸಿಲಿನಲ್ಲಿ ಒಣಗಿಸಿಟ್ಟ ಹುಲ್ಲು ಹಗಲಿರುಳೂ ಪಂಜರದಲ್ಲಿರಬೇಕು. ನಮ್ಮಲ್ಲಿ ಮಳೆಗಾಲದ ಹುಲ್ಲು ನೀರನ್ನೇ ಕುಡಿದು ಬೆಳೆದದ್ದು. ಕೊಯ್ದು ತಂದು ಅರ್ಧ ದಿನ ಚಾವಡಿಯಲ್ಲಿ ಹರವಿ ಬಾಡಿಸಿ ಕೊಡಿ. ರಾಶಿ ಹಾಕಿ ಬಿಸಿಯಾದ ಹುಲ್ಲು, ಬೂಷ್ಟು ಹಿಡಿದ ಬೈಹುಲ್ಲು ವಿಷಕ್ಕೆ ಸಮಾನ. ಬಯಲು ಸೀಮೆಯ ಓದುಗರಿಗೆ ಕುದುರೆಮಸಾಲೆ ಸುಲಭವಾಗಿ ಸಿಗುತ್ತದೆ. ಬೆಳೆಯುವ ಮರಿಗೆ ಅದು ಒಳ್ಳೆಯ ಮೇವು.

ಹುಲ್ಲಿನ ಜೊತೆಗೆ ಮೊಲಗಳಿಗೆಂದೇ ಮಾರುವ ಗುಳಿಗೆಯಂಥ ಒಣಮೇವನ್ನು ಸ್ವಲ್ಪ ಕೊಡಬಹುದು. ಸೊಪ್ಪಿನ ವಿಷಯದಲ್ಲಿ ಅವಸರ ಬೇಡ. ತಾಯಿಯ ಜೊತೆಯಲ್ಲಿ ಯಾವ ಸೊಪ್ಪನ್ನು ತಿಂದು ರೂಢಿಯಾಗಿದೆಯೋ ಅದನ್ನು ಒಂದು ಹಿಡಿಯಷ್ಟು ಕೊಡಿ; ಹೊಸ ಸೊಪ್ಪನ್ನು ಮೂರು ತಿಂಗಳು ತುಂಬಿದ ಮೇಲೆ, ಒಂದು ಸಲಕ್ಕೆ ಒಂದೇ ಬಗೆಯಂತೆ, ಎರಡು ಎಲೆಯಿಂದ ಆರಂಭಿಸಿ. ಮರುದಿನ ಹಿಕ್ಕೆ ಗಟ್ಟಿಯಾಗಿ ಗುಂಡಗಿದ್ದರೆ ಮುಂದುವರಿಸಬಹುದು. ಕೊತ್ತಂಬರಿ ಸೊಪ್ಪು, ಅಲಸಂಡೆಯ ಎಲೆ, ನುಗ್ಗೆ ಸೊಪ್ಪು, ಹಲಸಿನ ಎಲೆ ಇವೆಲ್ಲ ಮೊಲಕ್ಕೆ ಪ್ರಿಯ. ಆದರೆ ನಮ್ಮ ಹಿತ್ತಿಲಿನಲ್ಲಿಯೇ ಇರುವ ಮರಗೆಣಸಿನ ಹಸಿ ಎಲೆಯಲ್ಲಿ ಸೈನೈಡ್ ಅಂಶವಿದೆ. ಪತ್ರೊಡೆಗೆ ಒದಗುವ ಕೆಸುವಿನೆಲೆ ಹಸಿಯಾಗಿ ಬಾಯಿ ಗಂಟಲನ್ನು ಕೆರೆಸುತ್ತದೆ. ಕಣಗಿಲೆ, ಎಕ್ಕ, ಲಂಟಾನ, ಆಲೂಗಡ್ಡೆ ಮತ್ತು ಟೊಮೇಟೊ ಗಿಡಗಳ ಎಲೆ, ನೀರುಳ್ಳಿ, ಬೆಳ್ಳುಳ್ಳಿ ಯಾವುದೂ ಕೂಡದು. ವಯನಾಡು ನೀಲಗಿರಿಗಳ ಮನೆಗಳಲ್ಲಿ ಬೆಣ್ಣೆಹಣ್ಣಿನ ಮರವಿರುವುದುಂಟು. ಅದರ ಎಲೆ, ಹಣ್ಣು ಎರಡೂ ಮೊಲಕ್ಕೆ ವಿಷ.

ಕ್ಯಾರೆಟನ್ನು ಕುರಿತು ಎರಡು ಮಾತು ಹೇಳದೆ ವಿಧಿಯಿಲ್ಲ. ಚಿತ್ರಪುಸ್ತಕಗಳೂ ವ್ಯಂಗ್ಯಚಿತ್ರಗಳೂ ಮೊಲದ ಕೈಗೆ ಕ್ಯಾರೆಟನ್ನು ಕೊಟ್ಟು ಲೋಕವನ್ನೇ ನಂಬಿಸಿಬಿಟ್ಟಿವೆ. ನಮ್ಮ ಶಾಲೆಯ ಗೋಡೆಯ ಮೇಲಿನ ಮೊಲವೂ ಕ್ಯಾರೆಟನ್ನೇ ಹಿಡಿದಿದೆ. ಕ್ಯಾರೆಟ್ ಸಕ್ಕರೆ ತುಂಬಿದ ಗೆಡ್ಡೆ; ಬೆಳೆದ ಮೊಲಕ್ಕೆ ವಾರಕ್ಕೆರಡು ತೆಳುವಾದ ಬಿಲ್ಲೆ ಮಿಠಾಯಿಯಂತೆ ಕೊಡಬಹುದು, ಮರಿಗಂತೂ ಬೇಡವೇ ಬೇಡ. ಬಾಳೆಹಣ್ಣು, ಬ್ರೆಡ್ಡು, ಅನ್ನ, ಬಿಸ್ಕತ್ತುಗಳಿಗೂ ಇದೇ ಮಾತು. ಮೊಲಕ್ಕೆ ವಾಂತಿ ಮಾಡಲು ಬಾರದು. ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು. ಎತ್ತಲಾರದಷ್ಟು ಭಾರವಾದ ಮಣ್ಣಿನ ಬಟ್ಟಲಿನಲ್ಲಿ ಕುದಿಸಿ ಆರಿಸಿದ ನೀರು ಸದಾ ಇರಲಿ. ಮೊಲಕ್ಕೆ ನೀರು ಕೊಟ್ಟರೆ ಸಾಯುತ್ತದೆ ಎಂಬ ಮಾತನ್ನು ಯಾರು ಹಬ್ಬಿಸಿದರೋ ಕಾಣೆ. ನೀರಿಲ್ಲದ ಮೊಲದ ಕರುಳೇ ನಿಲ್ಲುವುದು.

ಕೈಯ ಹಿಡಿತ, ಪಂಜರದ ನೆಲೆ

ಮೊಲವನ್ನು ಕಿವಿ ಹಿಡಿದು ಎತ್ತುವುದು ಬಹಳ ಕಡೆ ರೂಢಿಯಲ್ಲಿದೆ. ಅದು ಹಿಂಸೆ. ಮೊಲದ ಎಲುಬುಗಳೆಲ್ಲ ಸೇರಿ ದೇಹದ ತೂಕದ ನೂರಕ್ಕೆ 7–8 ಭಾಗ ಮಾತ್ರ. ಹಿಂಗಾಲಿನ ಸ್ನಾಯುಗಳಾದರೋ ಬಲು ಬಲಿಷ್ಠ. ಗಾಳಿಯಲ್ಲಿ ತೂಗಿದಾಗ ಭಯದಿಂದ ಒಮ್ಮೆ ಝಾಡಿಸಿ ಒದ್ದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳಬಲ್ಲದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಮೈಗೆ ಒತ್ತಿ ಹಿಡಿಯಬೇಕು. ಸಣ್ಣ ಮಕ್ಕಳು ನೆಲದ ಮೇಲೆ ಕುಳಿತು ಮಡಿಲಿನಲ್ಲಿಟ್ಟುಕೊಳ್ಳಲಿ. ಮೊಬೈಲಿನಲ್ಲಿ ಮೊಲವನ್ನು ಅಂಗಾತ ಮಲಗಿಸಿ ‘ನಿದ್ರೆ ಬರಿಸುವ’ ಚಿತ್ರಗಳನ್ನು ಮಕ್ಕಳು ನೋಡುತ್ತಾರೆ. ಅದು ನಿದ್ರೆಯಲ್ಲ, ಬೇಟೆಗಾರನ ಬಾಯಿಗೆ ಸಿಕ್ಕಿದ ಪ್ರಾಣಿ ಭಯದಿಂದ ಮರಗಟ್ಟುವ ಸ್ಥಿತಿ.

ಪಂಜರವನ್ನು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿಟ್ಟು, ಅದರ ಕಾಲುಗಳನ್ನು ನೀರು ತುಂಬಿದ ಗೆರಟೆಗಳಲ್ಲಿ ನಿಲ್ಲಿಸಿದರೆ ಇರುವೆಯ ಕಾಟವಿಲ್ಲ. ಗೂಡಿನ ಬೆತ್ತಲೆ ಮರಿಗಳಿಗೆ ಕೆಂಪಿರುವೆ ಮತ್ತು ಇಲಿ ದೊಡ್ಡ ಶತ್ರುಗಳು. ಕಾಸರಗೋಡಿನ ನಮಗೆ ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿದ ಮಳೆ. ನಮ್ಮ ಚಿಂತೆ ತೇವದ್ದು. ಇರಚಲು ಬೀಳದ, ಗಾಳಿಯಾಡುವ ಚಾವಡಿಯ ಮೂಲೆ ಒಳ್ಳೆಯದು. ಗಾಳಿಯಾಡದ ಬಚ್ಚಲುಕೊಟ್ಟಿಗೆ ಒಳ್ಳೆಯದಲ್ಲ. ಸೊಲ್ಲಾಪುರ, ಆದವಾನಿ, ರಾಯದುರ್ಗದ ಕಡೆಯವರಿಗೆ ಚಿಂತೆ ಬಿಸಿಲಿನದು. ಮೊಲ ಬೆವರುವುದಿಲ್ಲ, ಕಿವಿಗಳಿಂದಲೇ ತನ್ನ ಬಿಸಿಯನ್ನು ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ಸಂಕಟಪಡುತ್ತದೆ. ಬೇಸಗೆಯ ಮಧ್ಯಾಹ್ನ ಪಂಜರದ ಸುತ್ತ ಒದ್ದೆ ಗೋಣಿ ಇಳಿಬಿಟ್ಟು, ಒಳಗೆ ನೀರು ತುಂಬಿ ಬಾಯಿ ಮುಚ್ಚಿದ ಮಣ್ಣಿನ ಕೊಡವೊಂದನ್ನಿಟ್ಟರೆ ಮೊಲ ಅದಕ್ಕೊರಗಿ ಮಲಗುತ್ತದೆ. ಈ ಎರಡು ಚಿಂತೆಯೂ ಕಡಿಮೆಯಿರುವವರು ನೀಲಗಿರಿಯ ನಮ್ಮ ಬಂಧುಗಳು. ಅಲ್ಲಿಯ ಸ್ಯಾಂಡಿನಲ್ಲದ ಕುರಿ ಸಂಶೋಧನಾ ಕೇಂದ್ರದಲ್ಲಿ ಮೊಲಗಳನ್ನೂ ಸಾಕುತ್ತ ಬಂದಿರುವುದು ಸುಮ್ಮನಲ್ಲ.

ಕಾಯಿಲೆ

ಹಾಲು ಬಿಟ್ಟ ಮರಿಗಳನ್ನು ಹೆಚ್ಚಾಗಿ ಕಾಡುವುದು ಕಾಕ್ಸಿಡಿಯ ಎಂಬ ಸೂಕ್ಷ್ಮಜೀವಿಯಿಂದ ಬರುವ ಭೇದಿ. ಹಿಕ್ಕೆಯೊಡನೆ ಹೊರಬಿದ್ದ ಅದರ ತತ್ತಿಗಳು ಕೂಡಲೇ ರೋಗ ತರಲಾರವು. ತೇವದಲ್ಲಿ ಒಂದೆರಡು ದಿನ ಬಿದ್ದಿದ್ದ ಬಳಿಕವೇ ಅವು ಅಪಾಯಕಾರಿ. ಆದುದರಿಂದ ದಿನಕ್ಕೊಮ್ಮೆ ಹಿಕ್ಕೆ ತೆಗೆದು ಪಂಜರವನ್ನು ಒಣಗಿಸುವವರ ಮನೆಯಲ್ಲಿ ಈ ರೋಗ ಬೆಳೆಯಲು ಕಷ್ಟ. ಮದ್ದಿಗಿಂತ ಪೊರಕೆ ಅಗ್ಗ. ಮರಿ ಅರ್ಧ ದಿನ ಏನೂ ತಿನ್ನದೆ ಮುದುಡಿ ಕುಳಿತರೆ, ಹಿಕ್ಕೆ ನಿಂತರೆ ಅಥವಾ ನೀರಾದರೆ ನಾಳೆ ನೋಡೋಣವೆನ್ನದೆ ಮೃಗಾಸ್ಪತ್ರೆಗೆ ಕೊಂಡೊಯ್ಯಬೇಕು. ಕಿವಿಯೊಳಗೆ ಕಂದು ಹಕ್ಕಳೆ, ಮೂಗಿನ ಮೇಲೆ ಬಿಳಿಯ ಹೊಪ್ಪಳಿಕೆ ಕಂಡರೆ ಅದು ಕಜ್ಜಿಯ ಹುಳು. ವೈದ್ಯರಲ್ಲಿ ಸುಲಭವಾದ ಚಿಕಿತ್ಸೆಯಿದೆ.

ಮನೆಯಲ್ಲಿ ಉಳಿದಿರುವ ಮಕ್ಕಳ ಔಷಧಿಯನ್ನು ಮಾತ್ರ ಮುಟ್ಟಬೇಡಿ. ನೆಗಡಿ ಕೆಮ್ಮಿಗೆ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮೊದಲಾದ ಪೆನಿಸಿಲಿನ್ ಜಾತಿಯ ಮದ್ದುಗಳು ಬಾಯಿಯ ಮೂಲಕ ಹೋದರೆ ಮೊಲದ ಕುರುಡುಕರುಳಿನ ಒಳ್ಳೆಯ ಜೀವಾಣುಗಳನ್ನೆಲ್ಲ ನಾಶಮಾಡಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುತ್ತವೆ. ನಾಯಿಯ ಚಿಗಟಕ್ಕೆ ಹಚ್ಚುವ ಫಿಪ್ರೊನಿಲ್ ಎಂಬ ಮದ್ದೂ ಮೊಲಕ್ಕೆ ವಿಷ. ವೈದ್ಯರ ಬಳಿ ಹೋದಾಗ ಪ್ರಾಣಿ ಮೊಲವೆಂಬುದನ್ನೂ ಅದರ ವಯಸ್ಸನ್ನೂ ಸ್ಪಷ್ಟವಾಗಿ ತಿಳಿಸಿ.

ಆ ಹುಡುಗಿಯ ಮನೆಗೆ ಈಗ ಮತ್ತೆ ಮೊಲ ಬಂದಿದೆ. ಈ ಸಲ ಎಂಟು ವಾರ ತುಂಬಿದ ಎರಡು ಮರಿಗಳು, ಸಾಕುವವರ ಮನೆಯಿಂದಲೇ, ಒಂದು ಕಟ್ಟು ಹಳೆಯ ಹುಲ್ಲಿನ ಸಮೇತ. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುವ ಪ್ರಾಣಿಯೆಂದು ಹೇಳಿದ್ದೇನೆ; ಅಷ್ಟರಲ್ಲಿ ಅವಳ ಕಾಲೇಜು ಓದು ಮುಗಿಯುತ್ತ ಬಂದಿರುತ್ತದೆ, ಆಗ ಹುಲ್ಲು ತರುವವರು ಯಾರೆಂಬುದನ್ನು ಅವಳ ಅಪ್ಪ ಈಗಲೇ ಯೋಚಿಸಬೇಕು. ಮರಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು. ಮೂರು ತಿಂಗಳು ತುಂಬಿದ ಕೂಡಲೇ ಅವುಗಳನ್ನು ಬೇರೆ ಬೇರೆ ಪಂಜರಗಳಲ್ಲಿಡಲು ತಿಳಿಸಿದ್ದೇನೆ. ನಾಲ್ಕೈದು ತಿಂಗಳಿಗೇ ಮೊಲ ಗರ್ಭ ಧರಿಸುತ್ತದೆ. ಮರಿ ಹಾಕಿದ ದಿನವೇ ಗಂಡಿನ ಜೊತೆಗಿದ್ದರೆ ಮತ್ತೊಮ್ಮೆ ಧರಿಸಬಲ್ಲದು. ಎರಡನೆಯ ಪಂಜರಕ್ಕೆ ಹಲಗೆ ಸಿಕ್ಕಿದೆ, ಬಲೆ ಇನ್ನೂ ಬಂದಿಲ್ಲವಂತೆ. ಬೇಗ ಬಾರದಿದ್ದರೆ ಆ ಮನೆಯವರು ಈ ಲೇಖನವನ್ನು ‘ಗೂಡಿನ ದಿನಗಳು’ ಎಂಬಲ್ಲಿಂದ ಮತ್ತೆ ಓದಬೇಕಾದೀತು.